ಬ್ಯಾರನ್ ಗೋಡೆಗೆ ಒರಗಿದ ಕೋಣೆ

ಹುಣಸೂರು
19 ಆಗಸ್ಟ್ 2002, ಸೋಮವಾರ

ಪ್ರೀತಿಯ ಭದ್ರಕ್ಕನಿಗೆ,

ನಿನ್ನ ತಮ್ಮ ಕನಕರಾಜುವಿನ ನಮಸ್ಕಾರ. ಕವರಿನ ಮೇಲೆ ನನ್ನ ಕೋಳಿಕಾಲಿನ ಅಕ್ಷರ ನೋಡಿಯೇ ಇದನ್ನು ಒಲೆಗೆ ಹಾಕಬೇಡ. ಫೋನ್ ಮಾಡಿದರೆ ನನ್ನ ದನಿ ಕೇಳಿದ ತಕ್ಷಣ ಕುಕ್ಕಿಬಿಡುತ್ತೀಯ. ಚುಂಚನಕಟ್ಟೆಗೆ ಬಂದರೆ ಬಾಗಿಲು ತೆಗೆಯುತ್ತೀಯೋ ಇಲ್ಲವೋ ಎಂಬ ಭಯ. ಆರು ತಿಂಗಳಿಂದ ಬರೆಯಬೇಕು ಬರೆಯಬೇಕು ಎಂದುಕೊಂಡೇ ಕಾಲ ತಳ್ಳಿದೆ, ಅದು ನನ್ನದೇ ತಪ್ಪು. ಭಾವನವರು, ಮಕ್ಕಳು ಚೆನ್ನಾಗಿದ್ದಾರೆ ಎಂದುಕೊಂಡಿದ್ದೇನೆ. ನಾಟಿ ಮುಗಿಯಿತೇ? ನಾಲೆಯಲ್ಲಿ ನೀರು ಬಿಟ್ಟಿದ್ದಾರೆ ಎಂದು ಯಾರೋ ಹೇಳಿದರು.

ಫೆಬ್ರವರಿಯಲ್ಲಿ ನಮ್ಮ ಕಿರೀ ತಂಗಿ ಪವಿತ್ರಾಳ ಮದುವೆಯಲ್ಲಿ ನೀನು ಎಲೆ ಮುಂದಿನಿಂದ ಎದ್ದು ಹೋದದ್ದು ಇನ್ನೂ ಕಣ್ಣಿಗೆ ಕಟ್ಟಿದೆ. "ಒಬ್ಳನ್ನ ನುಂಗಿದ ಮನೆಗೇ ಇನ್ನೊಬ್ಳನ್ನೂ ಕೊಡ್ತೀರಲ್ಲ, ನಿಮ್ಗೆ ಬುದ್ಧಿ ನೆಟ್ಟಗವ್ದಾ?" ಎಂದು ಎಲ್ಲರ ಮುಂದೆ ಕೇಳಿದೆ. ಅಪ್ಪಯ್ಯ ತಲೆ ಎತ್ತಲಿಲ್ಲ. ಉತ್ತರ ಕೊಟ್ಟವನು ನಾನು. ತಂಗಿ ಶಶಿ ಸತ್ತಾಗ ಅವಳ ಗಂಡ ರಘುವಿನ ಮನೆಯವರು ಊರ ಮುಂದೆ, ಮೂರ್ಛೆ ರೋಗದ ಹುಡುಗಿಯನ್ನು ಮುಚ್ಚಿಟ್ಟು ಕೊಟ್ಟರು ಎಂದರಲ್ಲ, ಆ ಮಾತು ನಮ್ಮ ಮನೆಯ ಮೇಲೆ ಉಳಿಯಬಾರದು, ಪವಿತ್ರಾ ಅದೇ ರಘುವನ್ನು ಕಟ್ಟಿಕೊಂಡು ಅದೇ ಮನೆಯಲ್ಲಿ ಚೆನ್ನಾಗಿ ಬಾಳಿ ತೋರಿಸಲಿ ಎಂದೆ. ಆಗ ಆ ಮಾತು ನನಗೆ ದೊಡ್ಡ ನ್ಯಾಯದಂತೆ ಕಂಡಿತ್ತು. ಈಗ ಹಾಗೆ ಕಾಣುತ್ತಿಲ್ಲ.

ಸುದ್ದಿ ಏನೆಂದರೆ, ಪವಿತ್ರಾಗೆ ಈಗ ಐದನೇ ತಿಂಗಳು. ನಿನಗೆ ಯಾರೂ ಹೇಳಿರಲಾರರು.

ಮೊನ್ನೆ ಶನಿವಾರ ಗಾವಡಗೆರೆ ಹತ್ತಿರದ ಅವರ ಊರಿಗೆ ಹೋಗಿದ್ದೆ. ಹಬ್ಬಕ್ಕಲ್ಲ, ಕೆಲಸಕ್ಕೆ. ರಘು ಕಳೆದ ವರ್ಷ ಒಂದು ಕಂಪ್ಯೂಟರ್ ತಂದು, ಲಗ್ನಪತ್ರಿಕೆ, ಅರ್ಜಿ ಎಂದು ಊರವರಿಗೆ ಟೈಪ್ ಮಾಡಿಕೊಡುತ್ತಾನಲ್ಲ, ಅದು ಕೆಟ್ಟಿತ್ತು. ಸ್ವಿಚ್ ಹಾಕಿದರೆ ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು. ಒಳಗಿನ ಒಂದು ಭಾಗ ಕಿತ್ತಿಟ್ಟರೆ ಯಂತ್ರ ಬೀಪ್ ಬೀಪ್ ಎಂದು ಕೂಗಬೇಕು, ಅದೂ ಇಲ್ಲ. ಹಾಗಾದಾಗ ತಪ್ಪು ಎರಡರಲ್ಲಿ ಒಂದರದು. ಒಂದು ಪ್ರೊಸೆಸರ್, ಅಂದರೆ ಲೆಕ್ಕವೆಲ್ಲ ಮಾಡುವ, ಬಿಸ್ಕತ್ತಿನಷ್ಟು ಅಗಲದ ಚೂರು. ಇನ್ನೊಂದು ಮದರ್‌ಬೋರ್ಡ್, ಆ ಚೂರು ಕೂರುವ ಹಸಿರು ಹಲಗೆ. ಚೂರಿಗೆ ಬೇಕಾದ ಕರೆಂಟನ್ನು ಅಳೆದು ಕೊಡುವುದು ಆ ಹಲಗೆಯೇ. ಸುಮ್ಮನೆ ನೋಡಿದರೆ ಯಾವುದು ಸತ್ತಿದೆ ಎಂದು ದೇವರಿಗೂ ಗೊತ್ತಾಗುವುದಿಲ್ಲ.

ನಾನು ಹುಣಸೂರಿನ ಕಂಪ್ಯೂಟರ್ ಡಾಕ್ಟರ್ ಅಲ್ಲವೇ! ಎಲ್ಲರೂ ನೋಡುತ್ತಾ ನಿಂತಿದ್ದರು. ಚೀಲದಲ್ಲಿ ಒಂದು ಹೊಸ ಪ್ರೊಸೆಸರ್ ಒಯ್ದಿದ್ದೆ. ಹಳೆಯದನ್ನು ತೆಗೆದು ಇದನ್ನು ಕೂರಿಸಿದೆ. ಪರದೆ ಬೆಳಗಿತು. "ಬೋರ್ಡ್ ಬಂಗಾರದಂಗವ್ದೆ, ಪ್ರೊಸೆಸರ್ರೇ ಸರಿಯಿಲ್ದೇ ಬಂದಿರೋದು" ಎಂದು ಜಂಬದಿಂದ ಹೇಳಿದೆ. ರಘುವಿನ ತಾಯಿ ಸುಂದ್ರಮ್ಮ ಕಾಫಿ ಕೊಟ್ಟು, "ಬಂದಿದ್ದೇ ಸರಿಯಿಲ್ದಿದ್ರೆ ಮನೆಯೋರು ಏನ್ ಮಾಡಕಾದದು ಬುಡಪ್ಪ" ಎಂದರು. ಯಾರ ಬಗ್ಗೆ ಹೇಳಿದರು ಎಂದು ನನಗೆ ತಿಳಿಯದೇ ಇರಲಿಲ್ಲ. ಕಾಫಿ ಕುಡಿದೆ.

ಪವಿತ್ರಾ ಸೊರಗಿದ್ದಾಳೆ ಅಕ್ಕ. ಬಸುರಿಗೆ ವಾಂತಿ, ಸಂಕಟ ಎಲ್ಲ ಸಹಜ ಎಂದು ನನ್ನ ಮನೆಯವಳು ಹೇಳುತ್ತಾಳೆ. ಆದರೆ ಮುಖದಲ್ಲಿ ಕಳೆಯೇ ಇಲ್ಲ. ಹೊರಡುವಾಗ ಹಿತ್ತಲವರೆಗೆ ಬಂದು ಹೇಳಿದಳು: "ಅಣ್ಣ, ಬೆಳಿಗ್ಗೆ ಎದ್ದೇಟ್ಗೆ ತಲೆ ಅನ್ನದು ಕಲ್ಲಾಗಿರ್ತದೆ ಕಣ. ಕಣ್ಣು ಕತ್ಲೆ ಬತ್ತದೆ. ಒಲದ ಕಡೆ ಹೋಗಿ ಬಂದ್ರೆ ವಸಿ ಸರಿ ಹೋಯ್ತದೆ." ಮತ್ತೆ ಕೇಳಿದಳು: "ಶಶಕ್ಕಂಗೂ ಇಂಗೇ ಆಯ್ತಿತ್ತಾ?" ಇಲ್ಲ ಎಂದು ಸುಳ್ಳು ಹೇಳಿದೆ.

ನಿನಗೂ ಗೊತ್ತು, ಶಶಿಗೂ ಹೀಗೇ ಆಗುತ್ತಿತ್ತು. ಎರಡು ವರ್ಷದ ಹಿಂದೆ ಇದೇ ಶ್ರಾವಣದಲ್ಲಿ ತಲೆಸುತ್ತು ಎಂದು ನಮ್ಮ ಮನೆಗೆ ಬಂದಳು, ಎಂಟು ದಿನ ಇದ್ದಳು, ರಘು ಬಂದು ಕರೆದುಕೊಂಡು ಹೋದ. ಮುಂದಿನ ತಿಂಗಳೇ ಒಂದು ಬೆಳಿಗ್ಗೆ ಅವಳು ಏಳಲಿಲ್ಲ. ಅವಳಿಗೂ ಆಗ ಐದು ತುಂಬಿತ್ತು.

ಆ ಮನೆಯವರು ಹೊಡೆಯುವವರಲ್ಲ, ಉಪವಾಸ ಕೆಡವುವವರೂ ಅಲ್ಲ, ಅದನ್ನು ಹೇಳಲೇಬೇಕು. ಸೋನೆ ಮಳೆ ಹಿಡಿದಿದೆ, ಬಸುರಿಗೆ ಶೀತವಾಗಬಾರದು ಎಂದು ಮನೆಯಲ್ಲೆಲ್ಲ ಬೆಚ್ಚಗಿರುವ ಕೋಣೆಯನ್ನು ಅವಳಿಗೆ ಬಿಟ್ಟಿದ್ದಾರೆ. ಕಿಟಕಿಯ ಸಂದಿಗೆ ಸುಂದ್ರಮ್ಮ ತಾವೇ ಹಳೇ ಸೀರೆ ತುರುಕಿದ್ದಾರೆ. ಕಂಪ್ಯೂಟರ್ ಇರುವುದೂ ಆ ಕೋಣೆಯಲ್ಲೇ. ಕೆಲಸ ಮಾಡುತ್ತಾ ಗೋಡೆಗೆ ಒರಗಿ ಕುಳಿತಿದ್ದೆ, ಬೆನ್ನಿಗೆ ಹಿತವಾಗಿತ್ತು. ಎರಡು ಗಂಟೆ ಕೂತದ್ದಕ್ಕೋ ಏನೋ ನನಗೂ ತಲೆ ಸಿಡಿಯತೊಡಗಿತು. ಬಸ್ಸಿನ ಗಾಳಿಗೆ ಹೋಯಿತು.

ಏಕೋ ಮನಸ್ಸು ಸರಿಯಿಲ್ಲ. ನೀನು ಒಂದು ಸಲ ಹೋಗಿ ಪವಿತ್ರಾಳನ್ನು ನೋಡಿಕೊಂಡು ಬರುತ್ತೀಯಾ? ಅವ್ವ ಇದ್ದಿದ್ದರೆ ಅವಳಿಗೆ ಬರೆಯುತ್ತಿದ್ದೆ. ಅವ್ವ ಇಲ್ಲ, ಆ ಜಾಗದಲ್ಲಿ ನೀನೇ ಇರುವುದು.

ನಿನ್ನ ತಮ್ಮ,
ಕನಕರಾಜು


ಹುಣಸೂರು
7 ಸೆಪ್ಟೆಂಬರ್ 2002, ಶನಿವಾರ

ಭದ್ರಕ್ಕನಿಗೆ ನಮಸ್ಕಾರ,

ಹಿಂದಿನ ಕಾಗದಕ್ಕೆ ಉತ್ತರ ಬರಲಿಲ್ಲ, ನಾನೂ ನಿರೀಕ್ಷೆ ಮಾಡಿರಲಿಲ್ಲ. ಇದನ್ನು ಅಂಚೆಗೆ ಹಾಕಿ ಕಾಯುವಷ್ಟು ವ್ಯವಧಾನ ಇಲ್ಲ. ಕೆ.ಆರ್. ನಗರದ ಬಸ್ಸಿನ ಕಂಡಕ್ಟರ್ ನಂಜಣ್ಣ ಗೊತ್ತಲ್ಲ, ಅವನ ಕೈಲಿ ಕಳಿಸುತ್ತಿದ್ದೇನೆ. ನಾಳೆ ಅವನು ವಾಪಸು ಬರುವಾಗ ನಿನ್ನ ಉತ್ತರ ಬೇಕೇ ಬೇಕು. ಒಂದು ಸಾಲಾದರೂ ಸಾಕು.

ನಾನು ಬಂಗಾರ ಎಂದಿದ್ದ ಬೋರ್ಡಿನ ಕಥೆ ಕೇಳು. ಹೊಸ ಪ್ರೊಸೆಸರ್ ಹಾಕಿ ಬಂದ ಹನ್ನೆರಡನೇ ದಿನಕ್ಕೆ ಯಂತ್ರ ಮತ್ತೆ ನಿಂತಿತು. ನಿನ್ನೆ ರಘು ಅದನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ಅಂಗಡಿಗೆ ತಂದ. "ಏನ್ ಡಾಕ್ಟ್ರೇ, ನಿಮ್ ಔಸ್ದಿ ಹದಿನೈದ್ ದಿನವೂ ಬರ್ನಿಲ್ವಲ್ಲ" ಎಂದು ತಮಾಷೆ ಮಾಡಿದ. ನಾನೂ ನಕ್ಕೆ. ಟೇಬಲ್ ಲೈಟಿನ ಕೆಳಗಿಟ್ಟು ಬಿಚ್ಚಿದೆ.

ಹೊಸ ಪ್ರೊಸೆಸರನ್ನು ತೆಗೆದು ನನ್ನ ಅಂಗಡಿಯ ಒಳ್ಳೆಯ ಬೋರ್ಡಿಗೆ ಹಾಕಿದೆ. ಸತ್ತಿತ್ತು. ಸರಿ, ಹಳೆಯದೊಂದು ಡ್ರಾಯರಿನಲ್ಲಿ ಬಿದ್ದಿತ್ತಲ್ಲ, ಅವತ್ತು ಕೆಟ್ಟಿದೆ ಎಂದು ನಾನೇ ಕಿತ್ತು ತಂದದ್ದು. ಅದನ್ನು ಪರೀಕ್ಷೆ ಮಾಡಿಯೇ ಇರಲಿಲ್ಲ. ಸುಮ್ಮನೆ ನೋಡೋಣ ಎಂದು ಅದನ್ನೂ ಅದೇ ಒಳ್ಳೆಯ ಬೋರ್ಡಿಗೆ ಹಾಕಿದೆ. ಓಡಿತು ಅಕ್ಕ. ಸಂಜೆಯವರೆಗೂ ಒಂದು ಸಲ ಕೆಮ್ಮದೆ ಓಡಿತು. ಅದರಲ್ಲಿ ಯಾವತ್ತೂ ಯಾವ ದೋಷವೂ ಇರಲಿಲ್ಲ.

ಮೈಸೂರಿನಲ್ಲಿ ನನಗೆ ರಿಪೇರಿ ಕಲಿಸಿದ ನಂಜುಂಡಸ್ವಾಮಿ ಮೇಷ್ಟ್ರು ಮೊದಲ ವಾರವೇ ಹೇಳಿದ್ದರು: "ಅನುಮಾನ ಇರೋ ಪ್ರೊಸೆಸರನ್ನ ಒಳ್ಳೇ ಬೋರ್ಡಿಗೆ ಹಾಕಿ ನೋಡು. ಅನುಮಾನ ಇರೋ ಬೋರ್ಡಿಗೆ ಮಾತ್ರ ಒಳ್ಳೇ ಪ್ರೊಸೆಸರ್ ಹಾಕ್ಬೇಡ. ಬೋರ್ಡ್ ಕೆಟ್ಟಿದ್ರೆ ಅದನ್ನೂ ತಿನ್ನುತ್ತೆ." ನಾನು ಮಾಡಿದ್ದು ಸರಿಯಾಗಿ ಉಲ್ಟಾ. ಎಲ್ಲರೂ ನೋಡುತ್ತಿದ್ದರಲ್ಲ, ಬೇಗ ಪರದೆ ಬೆಳಗಿಸಿ ಭೇಷ್ ಎನ್ನಿಸಿಕೊಳ್ಳಬೇಕಿತ್ತು.

ಆಮೇಲೆ ಬೋರ್ಡನ್ನು ಹತ್ತಿರದಿಂದ ನೋಡಿದೆ. ಪ್ರೊಸೆಸರಿಗೆ ಹೋಗುವ ಕರೆಂಟನ್ನು ಹದ ಮಾಡಲು ಪಕ್ಕದಲ್ಲಿ ಸಣ್ಣ ಸಣ್ಣ ಡಬ್ಬಿಯಂಥ ಕೆಪಾಸಿಟರ್‌ಗಳು ಇರುತ್ತವೆ. ಅವುಗಳ ತಲೆ ಚಪ್ಪಟೆ ಇರಬೇಕು. ಇಲ್ಲಿ ಐದರ ತಲೆ ಊದಿತ್ತು, ಎರಡರಿಂದ ಕಂದು ರಸ ಸೋರಿತ್ತು. ಅಂಥವು ಬಿಸಿಗೆ ಕೆಡುತ್ತವೆ, ಕೆಟ್ಟರೆ ಕರೆಂಟು ಹದ ತಪ್ಪುತ್ತದೆ; ಹಳೆಯ ಪ್ರೊಸೆಸರ್ ಅದಕ್ಕೆ ಏಳಲೇ ಇಲ್ಲ, ಹೊಸದು ಹೇಗೋ ಎದ್ದು ಹನ್ನೆರಡು ದಿನ ತಡೆದು ಸತ್ತಿತು. ಎಷ್ಟು ಬಿಸಿ ಬಿದ್ದರೆ ಇಷ್ಟು ಊದಬೇಕು? "ಕ್ಯಾಬಿನೆಟ್ಟಿನ ಈ ಮಗ್ಗುಲು ಯಾವ ಕಡೆಗಿತ್ತು?" ಎಂದು ರಘುವನ್ನು ಕೇಳಿದೆ. "ಗೋಡೆ ಕಡೆಗೆ" ಎಂದ. ಬ್ಯಾರನ್ ಗೋಡೆ.

ನಮ್ಮ ಕೋಟೆ ತಾಲ್ಲೂಕಿನ ಊರಿನಲ್ಲಿ ಹತ್ತಿ, ರಾಗಿ ಬಿಟ್ಟರೆ ಬೇರೆ ಕಂಡವರಲ್ಲ ನಾವು. ನಿನ್ನದು ಭತ್ತದ ಸೀಮೆ. ಬ್ಯಾರನ್ ಎಂದರೆ ಹೊಗೆಸೊಪ್ಪು ಬೇಯಿಸುವ ಎತ್ತರದ ಗೂಡು. ಹೊರಗಿನ ಒಲೆಗೆ ಸೌದೆ ಹಾಕುತ್ತಲೇ ಇರಬೇಕು, ಬೆಂಕಿಯ ಕಾವು ತಗಡಿನ ಕೊಳವೆಯಲ್ಲಿ ಗೂಡಿನೊಳಗೆ ಸುತ್ತಿ ಮೇಲೆ ಹೋಗುತ್ತದೆ. ಜುಲೈ ಕೊನೆಯಿಂದ ಸೀಸನ್ ಮುಗಿಯುವವರೆಗೆ ಆ ಒಲೆ ಆರುವುದೇ ಅಪರೂಪ. ರಘು ಶಶಿಯನ್ನು ಮದುವೆಯಾಗುವಾಗ, ಹೊಸ ಜೋಡಿಗೆಂದು ಆ ಬ್ಯಾರನ್ ಗೋಡೆಗೇ ಒರಗಿಸಿ ಒಂದು ಕೋಣೆ ಕಟ್ಟಿದರು. ಒಂದು ಗೋಡೆಯ ಖರ್ಚು ಉಳಿಯಿತು, ಮೇಲಾಗಿ ಬೆಚ್ಚಗಿರುತ್ತದೆ ಎಂದು ಆಗ ಎಲ್ಲರೂ ಹೊಗಳಿದ್ದೆವು.

ಫ್ಯಾನ್ ಬಿಚ್ಚಿ ಬಿಳಿ ಬಟ್ಟೆಯಲ್ಲಿ ಒರೆಸಿದೆ. ಹಳ್ಳಿಯ ಕಂಪ್ಯೂಟರುಗಳಲ್ಲಿ ಕೆಂಪು ಧೂಳು ಬರುತ್ತದೆ. ಇದರಲ್ಲಿ ಬಂದದ್ದು ಕಾಡಿಗೆಯಂಥ ಕಪ್ಪು ಮಸಿ. ಆ ಕೋಣೆಯಲ್ಲಿ ಒಲೆಯಿಲ್ಲ, ಬುಡ್ಡಿ ದೀಪವೂ ಇಲ್ಲ. ಹಾಗಿದ್ದರೆ ಹೊಗೆ ಎಲ್ಲಿಂದ ಬಂತು? ಗೋಡೆಯಾಚೆ ಕೊಳವೆ ಎಲ್ಲೋ ಬಿಟ್ಟಿದೆ, ಗೋಡೆ ಬಿರಿದಿದೆ. ಊರಿಗೆ ಊರೇ ಹೊಗೆ ವಾಸನೆ ಹೊಡೆಯುವ ಕಾಲ, ಯಾರ ಮೂಗಿಗೂ ಇದು ಬೇರೆ ಎಂದು ಗೊತ್ತಾಗಿಲ್ಲ.

ಬಟ್ಟೆ ಕೈಯಲ್ಲೇ ಇತ್ತು. ರಘುವನ್ನು ಕೇಳಿದೆ.

"ಸೊಪ್ಪು ಬೇಯ್ಸೋ ಕಾಲ್ದಲ್ಲಿ ನೀನು ಎಲ್ಲಿ ಮನಗ್ತೀಯ?"

"ಒಲೆ ಮುಂದ್ಗಡೆ. ಬೆಂಕಿ ನೋಡ್ಕಬೇಕಲ್ಲ ಭಾವ."

"ನಿಮ್ಮವ್ವ?"

"ಪಡಸಾಲೇಲಿ."

"ಕಳೆದ್ ವರ್ಸ ಆ ಕೋಣೇಲಿ ಯಾರು?"

"ಯಾರೂ ಇಲ್ಲ. ಕಂಪ್ಯೂಟ್ರು ಒಂದೇ. ಈಗ ಪವಿತ್ರಾ."

"ಅದ್ಕೂ ಹಿಂದೆ?"

ಅವನು ಸ್ಟೂಲಿನ ಮೇಲೆ ಕುಳಿತುಬಿಟ್ಟ ಅಕ್ಕ. "ಬಾಗ್ಲು ಹಾಕಂದು ಮನಗು, ಬೆಚ್ಚಗಿರ್ತದೆ ಅಂತ ನಾನೇ ಹೇಳ್ತಿದ್ದೆ ಶಶಿಗೆ" ಎಂದ.

ನಿನ್ನೆ ರಾತ್ರಿಯಿಂದಲೇ ಪವಿತ್ರಾಳನ್ನು ಪಡಸಾಲೆಗೆ ಕರೆತಂದು ಮಲಗಿಸುತ್ತೇನೆ ಎಂದು ಮಾತು ಕೊಟ್ಟು ಹೋಗಿದ್ದಾನೆ. ಆದರೆ ಅವನ ಅವ್ವನ ಮುಂದೆ ಅವನ ಮಾತು ಎಷ್ಟು ನಿಲ್ಲುತ್ತದೋ ನನಗೆ ಧೈರ್ಯವಿಲ್ಲ. ಇವತ್ತು ಬೆಳಿಗ್ಗೆ ಅವರ ಪಕ್ಕದ ಮನೆಗೆ ಫೋನ್ ಮಾಡಿ ಸುಂದ್ರಮ್ಮನವರನ್ನು ಕರೆಸಿ, ಪವಿತ್ರಾಳನ್ನು ನಾಲ್ಕು ದಿನಕ್ಕೆ ಕಳಿಸಿಕೊಡಿ ಎಂದೆ. "ದೊಡ್ಡ ಹೆಣ್ಮಗಳು ಇಲ್ಲಿಗಂಟ ನಮ್ಮ ಹೊಸ್ಲು ತುಳಿದಿಲ್ಲ. ಆಯಮ್ಮ ಕರೆದ್ರೆ ಕಳ್ಸನ. ಗಂಡಸ್ರು ಬಂದು ಬಸ್ರಿ ಹೆಂಗ್ಸ ಕರ್ಕಂದು ಹೋಗದು ಯಾವ ಪದ್ಧತಿ?" ಎಂದರು. ನೀನು ಮದುವೆಯಲ್ಲಿ ಎಲೆ ಬಿಟ್ಟು ಎದ್ದದ್ದನ್ನು ಅವರು ಮರೆತಿಲ್ಲ.

ನಾಡಿದ್ದು ಸೋಮವಾರ ಗೌರಿ ಹಬ್ಬ. ಬಾಗಿನ ಕೊಡುವ ನೆಪದಲ್ಲಿ ಹೋಗುತ್ತೇನೆ. ನಿನ್ನ ಹೆಸರು ಹೇಳಿ ಕರೆಯಬಹುದೇ? ನನ್ನ ಮೇಲಿನ ಸಿಟ್ಟು ಆಮೇಲೆ ಎಷ್ಟು ವರ್ಷ ಬೇಕಾದರೂ ಇಟ್ಟುಕೋ.

ಕನಕ


ಹುಣಸೂರು
13 ಸೆಪ್ಟೆಂಬರ್ 2002, ಶುಕ್ರವಾರ

ಅಕ್ಕನಿಗೆ ಅನಂತ ನಮಸ್ಕಾರ,

ನಂಜಣ್ಣ ಭಾನುವಾರ ಮಧ್ಯಾಹ್ನ ಮೊರ, ಬಳೆ, ಅರಿಶಿನ ಕುಂಕುಮ, ಮಡಿಲಕ್ಕಿ ಎಲ್ಲ ಇದ್ದ ಗಂಟು ತಂದು ಕೊಟ್ಟ. ಜೊತೆಗೆ ನಿನ್ನ ಚೀಟಿ. "ನನ್ನ ಹೆಸರು ಹೇಳು. ಕಳಿಸದಿದ್ದರೆ ಎತ್ತಿಕೊಂಡು ಬಾ." ಅಂಗಡಿಯಲ್ಲಿ ಗಿರಾಕಿಗಳ ಮುಂದೆಯೇ ಅತ್ತುಬಿಟ್ಟೆ. ಅದಕ್ಕೆ ಕೃತಜ್ಞತೆ ಹೇಳುವುದಕ್ಕೂ ಐದು ದಿನ ತಡವಾಯಿತು, ಕ್ಷಮಿಸು. ಕಾರಣ ಕೇಳಿದರೆ ನೀನೇ ಕ್ಷಮಿಸುತ್ತೀಯ.

ಸೋಮವಾರ ಹತ್ತು ಗಂಟೆಗೆ ಅವರ ಮನೆ ಮುಟ್ಟಿದೆ. ಪಡಸಾಲೆಯಲ್ಲಿ ಪವಿತ್ರಾಳ ಚಾಪೆ ಇರಲಿಲ್ಲ. ಒಂದೇ ರಾತ್ರಿ ಅಲ್ಲಿ ಮಲಗಿದ್ದಳಂತೆ. ಶನಿವಾರ ಮಳೆ ಜೋರಾಯಿತು, ಒಂದು ಸಲ ಸೀನಿದಳು, ಸುಂದ್ರಮ್ಮ ಮತ್ತೆ ಕೋಣೆಗೆ ಕಳಿಸಿದರು. ರಘು ಬೇಡ ಎಂದದ್ದಕ್ಕೆ, "ಬಸ್ರಿ ಬಾಣ್ತಿ ವಿಸ್ಯ ನಿಂಗೇನ್ಲಾ ಗೊತ್ತು?" ಎಂದರಂತೆ.

"ಪವಿತ್ರಾ ಎಲ್ಲಿ?" ಎಂದರೆ, "ಹಬ್ಬದ ದಿನವೂ ಎದ್ದಿಲ್ಲ ನೋಡಪ್ಪ, ಎರಡು ಸಲ ಕೂಗಿದೆ, ಊ ಅಂತವ್ಳೆ ಅಷ್ಟೇಯ" ಎಂದರು. ನಾನು ಬಾಗಿಲು ತಳ್ಳಿದೆ. ಕೋಣೆಯ ಗಾಳಿ ಮುಖಕ್ಕೆ ಬೆಚ್ಚಗೆ ಹೊಡೆಯಿತು. ಅವಳು ಮಗ್ಗುಲಾಗಿ ಮಲಗಿದ್ದಳು, ಪಕ್ಕದಲ್ಲೇ ವಾಂತಿ. ಕರೆದೆ, ಅಲ್ಲಾಡಿಸಿದೆ, ಕಣ್ಣು ಬಿಟ್ಟಳು, ನನ್ನ ಗುರುತು ಸಿಗಲಿಲ್ಲ. ಕೆನ್ನೆ ಮಾತ್ರ ಕೆಂಪಗೆ ಆರೋಗ್ಯವಂತರ ಹಾಗಿತ್ತು. ಅಕ್ಕ, ಶಶಿಯನ್ನು ಮಣ್ಣು ಮಾಡುವ ದಿನ ನೀನು ಒಂದು ಮಾತು ಹೇಳಿದ್ದೆ, ನೆನಪಿದೆಯಾ? "ಸತ್ತೋಳ ಹಂಗೇ ಇಲ್ವಲ್ಲೋ, ಮಖ ಇಷ್ಟು ಕೆಂಪಗವ್ದೆ" ಎಂದು.

ಬಾಗಿನದ ಮೊರ ಅಲ್ಲೇ ಬಿಟ್ಟೆ. ರಘುವೂ ನಾನೂ ಅವಳನ್ನು ಅಂಗಳಕ್ಕೆ ಹೊತ್ತು ತಂದೆವು. ಊರಿನ ಶಿವನಂಜಪ್ಪನವರ ಜೀಪು ಸಿಕ್ಕಿತು. ಸುಂದ್ರಮ್ಮ ಎದೆ ಬಡಿದುಕೊಂಡು, "ಅವ್ರಕ್ಕನಂಗೇ ಆಗೋಯ್ತಲ್ಲಪ್ಪೋ" ಎಂದು ಜೀಪಿನ ಹಿಂದೆ ಓಡಿ ಬಂದರು. ಆ ಹೆಂಗಸಿನ ಅಳು ಸುಳ್ಳಲ್ಲ. ಅವರಿಗೆ ಸೊಸೆ ಬೇಕು, ಮೊಮ್ಮಗು ಬೇಕು.

ಹುಣಸೂರಿನ ಡಾಕ್ಟರಮ್ಮ ಆಕ್ಸಿಜನ್ ಹಾಕಿದರು. ನಾನು ಮಸಿ, ಗೋಡೆ, ಕೊಳವೆ ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು ಹೇಳಿದ್ದು ಇಷ್ಟು: ಸೌದೆ ಸರಿಯಾಗಿ ಉರಿಯದಿದ್ದರೆ ಅದರಿಂದ ಒಂದು ವಿಷಗಾಳಿ ಬರುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ಮಲಗಿದವರ ರಕ್ತಕ್ಕೆ ಸೇರುತ್ತದೆ, ಕೆನ್ನೆ ಹಾಗೆ ಕೆಂಪಾಗುವುದೂ ಅದಕ್ಕೇ. ಮೊದಲು ತಲೆನೋವು, ತಲೆಸುತ್ತು, ಆಮೇಲೆ ನಿದ್ದೆ. ಹೊರಗಿನ ಗಾಳಿಗೆ ಬಂದರೆ ಇಳಿಯುತ್ತದೆ. ಬಸುರಿಯಾದ್ದರಿಂದ ಎಲ್ಲರೂ ಬಸುರಿನ ಸಂಕಟ ಎಂದೇ ತಿಳಿದಿದ್ದೀರಿ ಎಂದರು. ತಾಯಿ ಉಳಿಯುತ್ತಾಳೆ. ಮಗುವಿನ ಎದೆಬಡಿತ ಸಿಗುತ್ತಿದೆ. ಆದರೆ ಹೊಟ್ಟೆಯಲ್ಲಿರುವ ಮಗುವಿಗೆ ಈ ಗಾಳಿ ತಾಯಿಗಿಂತ ಹೆಚ್ಚು ಹತ್ತುತ್ತದೆ, ಅದಕ್ಕೆ ಏನಾಗಿದೆ ಎಂದು ಹುಟ್ಟುವವರೆಗೆ ಹೇಳಲಾಗುವುದಿಲ್ಲವಂತೆ. ಇನ್ನೊಂದು ಸಲ ಹೀಗಾದರೆ ಹೇಳುವುದಕ್ಕೆ ಏನೂ ಉಳಿಯುವುದಿಲ್ಲ ಎಂದೂ ಅಂದರು.

ಎರಡು ದಿನ ಆಸ್ಪತ್ರೆ, ಈಗ ನಮ್ಮ ಮನೆಯಲ್ಲಿದ್ದಾಳೆ. ತಲೆನೋವು ನಿಂತಿದೆ. ನಿನ್ನೆ ಸೊಪ್ಪಿನ ಸಾರಲ್ಲಿ ಎರಡು ಮುದ್ದೆ ಉಂಡಳು. ಇವತ್ತು ಬೆಳಿಗ್ಗೆ ಜಗಲಿಯಲ್ಲಿ ಕುಳಿತು ಜಡೆ ಹೆಣೆದುಕೊಳ್ಳುತ್ತಾ ಏನೋ ಗುನುಗುತ್ತಿದ್ದಳು. ಮಗು ಒದೆಯುವುದು ಕಮ್ಮಿಯಾಗಿದೆ ಎಂದು ನನ್ನ ಮನೆಯವಳ ಹತ್ತಿರ ಮಾತ್ರ ಹೇಳಿದ್ದಾಳೆ. ಹಗಲೆಲ್ಲ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೇ ಇರುತ್ತಾಳೆ.

ಈಗ ನಿನ್ನನ್ನು ಕರೆಯುವ ಕಾರಣ. ನಾಡಿದ್ದು ಭಾನುವಾರ ಸುಂದ್ರಮ್ಮ ನಾಲ್ಕು ಜನ ಹಿರಿಯರನ್ನು ಕರೆದುಕೊಂಡು ಬರುತ್ತಿದ್ದಾರೆ. ನಿನ್ನೆ ರಘು ಬಂದು ಹೇಳಿದ. ಕೊಳವೆ ತೆಗೆಸಿ ನೋಡೋಣ ಎಂದದ್ದಕ್ಕೆ ಅವನ ಅವ್ವ ಸೀಸನ್ ಮಧ್ಯದಲ್ಲಿ ಬ್ಯಾರನ್ ಆರಿಸುವುದು ಆಗದ ಮಾತು ಎಂದಿದ್ದಾರೆ. "ಮೂವತ್ತು ವರ್ಸದಿಂದ ಸೊಪ್ಪು ಬೇಯ್ಸಿವ್ನಿ, ನಂಗೇನಾಗದೆ? ಅವ್ರ ಮನೆ ಹೆಣ್ಮಕ್ಕಳ ರಕ್ತದಗೇ ಅದೆ, ಗೋಡೆ ಮ್ಯಾಲೆ ಹಾಕ್ತಾವ್ರೆ" ಎನ್ನುತ್ತಾರಂತೆ. ಆ ತಾಯಿ ಮೂವತ್ತು ವರ್ಷ ಪಡಸಾಲೆಯಲ್ಲಿ ಮಲಗಿದವರು, ಆ ಕೋಣೆ ಎರಡೂವರೆ ವರ್ಷದ್ದು ಎಂದು ಹೇಳುವ ಬಾಯಿ ರಘುವಿಗೆ ಇಲ್ಲ. ಬೇರೆ ಕಡೆ ಮಲಗಿಸುತ್ತೇವೆ ಎಂದು ಹಿರಿಯರ ಮುಂದೆ ಒಪ್ಪಿಕೊಳ್ಳುತ್ತಾರೆ. ಹೋದ ಶುಕ್ರವಾರ ರಘುವೂ ಹಾಗೇ ಒಪ್ಪಿಕೊಂಡು ಹೋಗಿದ್ದ. ಒಂದು ಮಳೆಗೆ ಮತ್ತೆ ಕೋಣೆಗೆ ಹೋದಳು.

ಅಪ್ಪಯ್ಯನಿಗೆ ಸುದ್ದಿ ಮುಟ್ಟಿದೆ. ಬೆಳಿಗ್ಗೆ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿ, "ಈಗ ಚೆನ್ನಾಗವ್ಳಲ್ಲ, ಕಳ್ಸುಬುಡು. ಕಿರೀ ಮಗಳು ಗಂಡನ ಮನೆ ಬುಟ್ಟು ಬಂದ್ಲು ಅನ್ನಿಸ್ಬ್ಯಾಡ. ಈ ದೊಡ್ಡಬೀರಯ್ಯ ಊರಲ್ಲಿ ತಲೆ ಎತ್ತಿ ತಿರುಗಬೇಕು" ಎಂದರು. ನಾನು ವಿಷಗಾಳಿ ಎಂದರೆ, ಕಂಪ್ಯೂಟರ್ ರಿಪೇರಿ ಮಾಡುವವನಿಗೆ ಬಸುರಿನ ವಿಷಯ ಯಾಕೆ ಎಂದರು. ಸುಂದ್ರಮ್ಮ ಹೇಳಿದ್ದೂ ಅದೇ. ಭಾನುವಾರ ಹಿರಿಯರೂ ಅದನ್ನೇ ಹೇಳುತ್ತಾರೆ.

ನನ್ನ ಹತ್ತಿರ ಇರುವ ಸಾಕ್ಷಿ ಮಸಿ ಹತ್ತಿದ ಒಂದು ಬಟ್ಟೆ ಮತ್ತು ಐದು ಊದಿದ ಕೆಪಾಸಿಟರ್. ಡಾಕ್ಟರಮ್ಮನ ಚೀಟಿಯೂ ಇದೆ, ಅದರ ಇಂಗ್ಲಿಷು ಹಿರಿಯರಿಗೆ ಬೇಡ. ಅವರ ಮುಂದೆ ನಿಂತು, ಕಳಿಸುವುದಿಲ್ಲ ಎನ್ನಲು ಮನೆಯ ಹಿರೀ ಹೆಣ್ಣುಮಗಳು ಬೇಕು. ನೀನು ಹೊಸಿಲಲ್ಲಿ ಕುಳಿತರೆ ನಿನ್ನನ್ನು ದಾಟಿ ಪವಿತ್ರಾಳನ್ನು ಕರೆದೊಯ್ಯುವ ಧೈರ್ಯ ಯಾರಿಗೂ ಇಲ್ಲ. ನನ್ನ ಮೇಲೆ ನನಗೇ ನಂಬಿಕೆಯಿಲ್ಲ ಅಕ್ಕ. ನಾಲ್ಕು ಜನ ಜೋರಾಗಿ ಮಾತಾಡಿದರೆ ನಾನು ಮೆತ್ತಗಾಗುತ್ತೇನೆ, ನಿನಗೆ ಗೊತ್ತು.

ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಬಂದುಬಿಡು. ನಂಜಣ್ಣನಿಗೆ ಸೀಟು ಹಿಡಿದಿಡಲು ಹೇಳಿದ್ದೇನೆ. ಮಕ್ಕಳಿಗೆ ಮಾವನ ಆಶೀರ್ವಾದ. ನಿನ್ನ ಆಶೀರ್ವಾದ ಪವಿತ್ರಾಳ ಹೊಟ್ಟೆಯ ಮೇಲಿರಲಿ, ನನಗೆ ಬೇಡ.

ನಿನ್ನ ತಮ್ಮ,
ಕನಕರಾಜು

ತಾ.ಕ.: ನನಗೆ ಆಶೀರ್ವಾದ ಬೇಡ ಎಂದದ್ದು ಮಾತಿಗಲ್ಲ. ನೀನು ಬಂದ ಮೇಲೆ ಮುಖ ನೋಡಿ ಹೇಳಲಾರೆ, ಅದಕ್ಕೆ ಇಲ್ಲೇ ಬರೆಯುತ್ತೇನೆ. ಎರಡು ವರ್ಷದ ಹಿಂದೆ ಶಶಿಯನ್ನು ಬಂದು ಕರೆದುಕೊಂಡು ಹೋದವನು ರಘು ಅಲ್ಲ. ಅವನು ಬರಲೇ ಇಲ್ಲ. ಹಬ್ಬ ಮುಗಿಸಿಕೊಂಡೇ ಬರಲಿ ಭಾವ ಎಂದು ಹೇಳಿ ಕಳಿಸಿದ್ದ. ನಮ್ಮ ಮನೆಗೆ ಬಂದ ಮೂರನೇ ದಿನಕ್ಕೆ ಶಶಿಯ ತಲೆಸುತ್ತು ನಿಂತಿತ್ತು, ಉಳಿದ ದಿನವೆಲ್ಲ ಜಿಂಕೆಯ ಹಾಗೆ ಓಡಾಡಿಕೊಂಡಿದ್ದಳು. ಗಾವಡಗೆರೆಯಲ್ಲಿ ಒಬ್ಬರಿಗೆ ಮಾನಿಟರ್ ತಲುಪಿಸುವುದಿತ್ತು, ಹೇಗೂ ಅದೇ ದಾರಿ ಎಂದು ಸ್ಕೂಟರಿನ ಮುಂದೆ ಮಾನಿಟರ್ ಇಟ್ಟುಕೊಂಡು ಹಿಂದೆ ಅವಳನ್ನು ಕೂರಿಸಿಕೊಂಡು ನಾನೇ ಬಿಟ್ಟು ಬಂದೆ. ಊರು ಕಾಣುವ ತಿರುವಿನಲ್ಲಿ ಅವಳು ನನ್ನ ಭುಜ ಹಿಡಿದು, "ಅಣ್ಣ, ಇನ್ನೆರಡು ದಿನ ನಿಮ್ಮನೇಲೇ ಇರ್ತೀನಿ ಕಣ, ಅಲ್ಲಿ ನಂಗೆ ಆಗಲ್ಲ" ಎಂದಳು. ಆಮೇಲೆ ನೀವೆಲ್ಲ ರಘುವನ್ನು ಬೈದಾಗ ಅವನು ನನ್ನ ಮುಖ ನೋಡಿ ಸುಮ್ಮನಿದ್ದ, ನಾನೂ ಸುಮ್ಮನಿದ್ದೆ. ಭಾನುವಾರ ಅವರೆಲ್ಲ ಕುಳಿತು ಪವಿತ್ರಾಳನ್ನು ತೋರಿಸಿ, ಈಗ ಚೆನ್ನಾಗವ್ಳಲ್ಲ ಎನ್ನುತ್ತಾರೆ. ಆವತ್ತು ಸ್ಕೂಟರ್ ನಿಲ್ಲಿಸದೆ ನಾನು ಶಶಿಗೆ ಕೊಟ್ಟ ಉತ್ತರವೂ ಅದೇ ಅಕ್ಕ. ಈಗ ಚೆನ್ನಾಗಿದ್ದೀಯಲ್ಲ ಎಂದೆ.